ಇಪ್ಪತ್ತೇಳು ಇಂಚಿನ ಗಿಟಾರಿನ ಪರವಾಗಿ ಒಂದು ಅಹವಾಲು

ದೂರದೂರುಗಳ ಬಸ್ ಕಂಪನಿಯ, ಮೂರನೆಯ ಪ್ಲಾಟ್‌ಫಾರ್ಮಿನ, ಕೈಸಾಮಾನು ತಪಾಸಣಾಧಿಕಾರಿಗಳ ಸನ್ನಿಧಿಗೆ.

ಮಾನ್ಯರೇ,

ಅಳತೆಗೆ ಸಿಗದಷ್ಟು ಗೌರವದೊಂದಿಗೆ ಈ ಪತ್ರ ಬರೆಯುತ್ತಿದ್ದೇನೆ. ಅಳತೆಗೆ ಸಿಗುವ ಯಾವುದನ್ನೂ ತಮ್ಮ ಮುಂದೆ ತರುವ ಧೈರ್ಯ ನನಗೆ ಉಳಿದಿಲ್ಲ. ತಾವು, ತಮ್ಮ ಕಬ್ಬಿಣದ ಮೇಜು ಮತ್ತು ಮೇಜಿನ ಮೇಲಿನ ನೇರಳೆ ಮೊಹರು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಟೇಪಿನ ಯೋಗಕ್ಷೇಮವನ್ನು ಮುಂದೆ ಸಾವಕಾಶವಾಗಿ ವಿಚಾರಿಸುತ್ತೇನೆ. ಇದನ್ನು ತಮ್ಮ ಕೈಗೇ ಕೊಡಬಹುದಿತ್ತು. ಆದರೆ ಪತ್ರ ಉದ್ದವಾಯಿತೆಂದು ತಾವು ಡಿಕ್ಕಿಗೆ ಹಾಕಿಸಿಬಿಟ್ಟರೆ ಎಂಬ ಭಯಕ್ಕೆ ನಿಲ್ದಾಣದ ನೋಟೀಸು ಹಲಗೆಗೆ ಅಂಟಿಸಿದ್ದೇನೆ. ಮರಕ್ಕೆ ಹಚ್ಚುವ ಅಂಟನ್ನೇ ಬಳಸಿರುವುದರಿಂದ, ಕಿತ್ತು ತೆಗೆಯುವ ವ್ಯರ್ಥ ಶ್ರಮ ತಾವು ಪಡಬಾರದೆಂದು ಕೋರುತ್ತೇನೆ.

ತಾವು ನನ್ನನ್ನು ಸಾಮಾನಿನಿಂದ ಬಲ್ಲಿರೇ ಹೊರತು ಮುಖದಿಂದಲ್ಲ. ಆದ್ದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಹಲ್ಲಿನ ಡಾಕ್ಟರುಗಳ ಕುರ್ಚಿ ರಿಪೇರಿ ಮಾಡುವವನು. ಮೇಲೇರಿದ ಕುರ್ಚಿ ಕೆಳಗಿಳಿಯದೆ, ಬಾಯಿ ತೆರೆದ ರೋಗಿ ನಡುಗಾಳಿಯಲ್ಲೇ ಉಳಿದಾಗ ನನಗೆ ಕರೆ ಬರುತ್ತದೆ. ತಿಂಗಳಿಗೆ ಹದಿನೆಂಟು ದಿನ ತಮ್ಮ ಕಂಪನಿಯ ಬಸ್ಸಿನಲ್ಲಿ, ಉಳಿದ ದಿನ ಮನೆಯಲ್ಲಿ. ಆ ಹದಿನೆಂಟು ಸಂಜೆಗಳನ್ನು ಲಾಡ್ಜಿನ ಕೋಣೆಗಳಲ್ಲಿ ಕಳೆಯಲು ನನಗಿದ್ದದ್ದು ಒಂದು ಗಿಟಾರು. ನಲವತ್ತು ಇಂಚಿನ ಆ ಜೀವವನ್ನು ಒಂಬತ್ತು ವರ್ಷ ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು, ತಿರುವು ಬಂದಾಗಲೆಲ್ಲ ಪಕ್ಕದವರ ಕ್ಷಮೆ ಕೇಳುತ್ತ, ಯಾರಿಗೂ ಗಾಯ ಮಾಡದೆ ಕರೆದೊಯ್ದೆ.

ಹೋದ ವರ್ಷ ಆ ಮೇಜಿನ ಹಿಂದೆ ತಮ್ಮ ಆಗಮನವಾಯಿತು. ತಾವು ಕೊರಳಿನ ಟೇಪನ್ನು ಸರ್ರನೆ ಎಳೆದು, "ಇಪ್ಪತ್ತೇಳು ಇಂಚು ದಾಟಿದ್ದೆಲ್ಲ ಡಿಕ್ಕಿಗೆ" ಎಂದು ಅಪ್ಪಣೆ ಕೊಡಿಸಿದಿರಿ. ನಿಯಮವೆಂದರೆ ನಿಯಮ, ನಾನು ತಲೆಬಾಗಿದೆ. ಡಿಕ್ಕಿಯಲ್ಲಿ ಯಾರದೋ ನೀರೆತ್ತುವ ಮೋಟಾರು ಮಲಗಿತ್ತು. ಮೊದಲ ತಿರುವಿನಲ್ಲೇ ಅದು ಮಗ್ಗುಲು ಬದಲಿಸಿತು. ನಾನು ಇಳಿದಾಗ ಒಂದು ಗಿಟಾರಿದ್ದದ್ದು ಎರಡಾಗಿತ್ತು. ಒಂದು ಕೊಟ್ಟರೆ ಎರಡಾಗಿ ಹಿಂದಿರುಗಿಸುವ ಇಂಥ ಉದಾರ ಕಂಪನಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲಿನ ಆರು ತಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಾಡ್ಜಿನ ಕೋಣೆಗಳಲ್ಲಿ ಗೋಡೆ ನೋಡುತ್ತಿದ್ದೆ. ಮನೆಗೆ ಬಂದ ಮೇಲೂ ಗೋಡೆಯನ್ನೇ ನೋಡುತ್ತಿದ್ದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಒಂದು ದಿನ, "ನೀವು ಮನೆಗೆ ಬಂದಿದ್ದೀರಿ ಅನ್ನೋದು ಬಾಗಿಲ ಹತ್ರ ಚಪ್ಪಲಿ ನೋಡಿದ್ರೆ ಮಾತ್ರ ಗೊತ್ತಾಗುತ್ತೆ" ಅಂದಳು. ಜಗಳವಾಡಿದ್ದರೆ ಉತ್ತರಿಸಬಹುದಿತ್ತು, ಅವಳು ಮೆಲ್ಲಗೆ ಹೇಳಿದಳು.

ಆ ಮಾತು ನನ್ನ ಅತ್ತೆಯವರ ಕಿವಿಗೂ ಬಿತ್ತು. ಹೆಂಡತಿಯ ತಾಯಿಯಾದ ಇವರು ನಲವತ್ತು ವರ್ಷ ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರು. ಸೂಜಿಯ ಕಣ್ಣು ತಮ್ಮ ಕಣ್ಣಿಗೆ ಕಾಣದಾದ ದಿನ ಅಂಗಡಿ ಮುಚ್ಚಿ, ತುಳಿಯುವ ಮಷೀನಿನ ಸಮೇತ ನಮ್ಮ ಮನೆಗೆ ಬಂದಿದ್ದರು. ಮಷೀನು ಮುಂದಿನ ಕೋಣೆಯಲ್ಲಿ, ಕಮಾನಿನಂತೆ ಬಾಗಿದ ಮರದ ಮುಚ್ಚಳ ಹೊದ್ದು, ಒಂದು ವರ್ಷದಿಂದ ಕೂತಿತ್ತು. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅತ್ತೆಗೂ ನನಗೂ "ಊಟ ಆಯ್ತಾ", "ಆಯ್ತು" ಎಂಬುದಕ್ಕಿಂತ ದೀರ್ಘವಾದ ಸಂಭಾಷಣೆ ನಡೆದಿರಲಿಲ್ಲ. ಅಂಥವರು ಒಂದು ಮಧ್ಯಾಹ್ನ ಆ ಮುಚ್ಚಳವನ್ನು ಎತ್ತಿ ತಂದು ನನ್ನ ತೊಡೆಯ ಮೇಲಿಟ್ಟು, "ಅಳಿಯಂದ್ರೇ, ಇದು ಹೊಟ್ಟೆ. ಕತ್ತು ನೀವು ನೋಡ್ಕೊಳ್ಳಿ" ಅಂದರು.

ಹೀಗೆ, ತಮ್ಮ ಪ್ರೇರಣೆಯಿಂದ, ಇಪ್ಪತ್ತೇಳು ಇಂಚಿನ ಗಿಟಾರು ನಿರ್ಮಾಣಕ್ಕೆ ಕೈ ಹಾಕಿದೆವು. ಮುಚ್ಚಳದ ತೆರೆದ ಬಾಯಿಗೆ ತೆಳುವಾದ ಹಲಗೆ ಬೇಕಿತ್ತು. ನನ್ನ ಮಂಚದ ಪಕ್ಕದ ಮೇಜಿನ ಡ್ರಾಯರಿನ ತಳವನ್ನೇ ಬಿಚ್ಚಿದೆ. ಈಗ ಆ ಡ್ರಾಯರಿನಲ್ಲಿ ಇಟ್ಟದ್ದೆಲ್ಲ ನೇರ ನೆಲಕ್ಕೆ ಬೀಳುತ್ತದೆ; ಹುಡುಕುವ ಶ್ರಮ ತಪ್ಪಿದೆ. ಸತ್ತ ಗಿಟಾರಿನಿಂದ ತಂತಿ ಬಿಗಿಯುವ ಬಿರಡೆಗಳನ್ನೂ, ಬೆರಳೊತ್ತುವ ಮೆಟ್ಟುಗಳಿದ್ದ ಪಟ್ಟಿಯನ್ನೂ ಕಳಚಿಕೊಂಡೆ. ಆ ಪಟ್ಟಿಯನ್ನು ಸರಿಯಾಗಿ ಮೂರನೆಯ ಮೆಟ್ಟಿನಲ್ಲಿ ಕತ್ತರಿಸಿದರೆ ಗಿಟಾರು ಗಿಡ್ಡವಾಗುತ್ತದೆ, ಆದರೂ ಸ್ವರ ಕೆಡುವುದಿಲ್ಲ. ಇದನ್ನು ಕಂಡುಕೊಳ್ಳಲು ನಾನು ಹನ್ನೊಂದು ಹಾಳೆ ಲೆಕ್ಕ ಮಾಡಿದೆ. ಅತ್ತೆ ಮಾತ್ರ, "ದೊಡ್ಡೋರ ಅಂಗೀನ ಮಗುವಿಗೆ ಕತ್ತರಿಸೋವಾಗ ಹೊಲಿಗೆ ಇರೋ ಕಡೆಯೇ ಕತ್ತರಿಸ್ತೀವಲ್ಲ, ಹಾಗೆ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು. ತಲೆ ಇಟ್ಟರೆ ಉದ್ದವಾಗುತ್ತದೆಂದು ತಲೆಯನ್ನೇ ಬಿಟ್ಟು, ಬಿರಡೆಗಳನ್ನು ಬಾಲಕ್ಕೆ ಕೂರಿಸಿದೆವು. ತಲೆಯಿಲ್ಲದೆ ಬಾಲದಿಂದಲೇ ಎಲ್ಲ ನಡೆಸುವ ಈ ವ್ಯವಸ್ಥೆ ತಮ್ಮ ಕಚೇರಿಗೆ ಅಪರಿಚಿತವಲ್ಲವೆಂದು ಭಾವಿಸುತ್ತೇನೆ.

ಅಂಟು ಹಿಡಿಯಲು ಒತ್ತಡ ಬೇಕು. ಮನೆಯಲ್ಲಿ ರಿಪೇರಿಗೆ ಬಂದ ಹಲ್ಲಿನ ಕುರ್ಚಿಯೊಂದಿತ್ತು. ಅದನ್ನು ಮೇಲೆತ್ತಿ, ಗಿಟಾರನ್ನು ಹಳೆಯ ದಿಂಬಿನ ಸಮೇತ ಅಡಿಗಿಟ್ಟು, ನೂಲಿನಷ್ಟು ನೂಲಿನಷ್ಟೇ ಕೆಳಗಿಳಿಸಿದೆ. ಭಾರ ಸಾಲದೆಂದು ಅತ್ತೆಯವರೇ ಏರಿ, ಕಾಲು ಚಾಚಿ, ಎರಡು ಗಂಟೆ ಪತ್ರಿಕೆಯ ದಪ್ಪಕ್ಷರಗಳನ್ನು ಓದಿದರು. ಕೆಲಸದಿಂದ ಮರಳಿದ ಹೆಂಡತಿ ತಾಯಿಯನ್ನು ಆ ಭಂಗಿಯಲ್ಲಿ ಕಂಡು, "ಹಲ್ಲು ನೋವಾ?" ಎಂದು ಗಾಬರಿಯಾದಳು. "ಇಲ್ಲ ಕಣೇ, ಗಿಟಾರು ಮಾಡ್ತಿದೀನಿ" ಎಂಬ ಉತ್ತರ ಕೇಳಿ ಅವಳು ನಕ್ಕ ನಗು ಆರು ತಿಂಗಳಲ್ಲಿ ನಮ್ಮ ಮನೆಯ ಮೊದಲ ನಗು.

ಮುಚ್ಚಳ ಹೋದ ಮೇಲೆ ಮಷೀನು ಬರಿಮೈಯಲ್ಲಿ ನಿಂತಿತು. "ಮುಚ್ಚಳ ಇಲ್ದಿದ್ರೆ ಧೂಳು ಕೂರುತ್ತೆ, ಧೂಳು ಕೂರಬಾರ್ದು ಅಂದ್ರೆ ತುಳೀಬೇಕು" ಎಂದು ಅತ್ತೆ ಗಿಟಾರಿಗೆ ಒಂದು ಚೀಲ ಹೊಲಿಯಲು ಕೂತರು. ಹಲ್ಲಿನ ಕುರ್ಚಿಯ ದೀಪವನ್ನು ಸೂಜಿಯ ಮೇಲೆ ತಿರುಗಿಸಿ ನಾನು ದಾರ ಪೋಣಿಸಿಕೊಟ್ಟೆ. ಒಂದು ವರ್ಷದ ಮೇಲೆ ಆ ಮಷೀನು ಸದ್ದು ಮಾಡಿತು. ಅತ್ತೆ ಕೊನೆಯಲ್ಲಿ ತಮ್ಮದೇ ಕೊರಳಿನ ಹೊಲಿಗೆ ಟೇಪಿನಿಂದ ಗಿಟಾರನ್ನು ಅಳೆದು, "ಇಪ್ಪತ್ತೇಳು. ಒಂದು ಕೂದಲೂ ಹೆಚ್ಚಿಲ್ಲ" ಎಂದು ಘೋಷಿಸಿದರು.

ಅದನ್ನು ಹಿಡಿದು ತಮ್ಮ ಮೇಜಿಗೆ ಬಂದ ಬೆಳಗ್ಗೆ ನಾನು ಎಷ್ಟು ಬೀಗಿದ್ದೆನೆಂದರೆ, ತಾವು ನನ್ನನ್ನೇ ಅಳೆದಿದ್ದರೆ ಡಿಕ್ಕಿಗೆ ಹೋಗಬೇಕಿತ್ತು. ತಾವು ಗಿಟಾರಿನ ಮೇಲೆ ಟೇಪು ಹಾಸಿ, ಕತ್ತು ಬಗ್ಗಿಸಿ, "ಇಪ್ಪತ್ತೆಂಟು. ಒಂದಿಂಚು ಜಾಸ್ತಿ ಸಾರ್" ಅಂದಿರಿ. ನಾನು ಬಸ್ಸು ಬಿಟ್ಟು ಮನೆಗೆ ಮರಳಿದೆ.

ಮಾನ್ಯರೇ, ಇಲ್ಲಿಂದ ಮುಂದಿನ ತಪ್ಪು ತಮ್ಮದಲ್ಲ, ನನ್ನದು. ಆದ್ದರಿಂದಲೇ ಬರೆಯಲು ಕಷ್ಟ. ಮೊಹರಿರುವವರ ಟೇಪು ಸರಿಯಿದ್ದೇ ಇರಬೇಕೆಂದು ನಂಬಿದ ನಾನು, "ಅತ್ತೆ, ನಿಮ್ಮ ಟೇಪು ಹಳೇದಾಯ್ತೋ ಏನೋ" ಅಂದುಬಿಟ್ಟೆ. ಅವರು ಕೊರಳಿನಿಂದ ಟೇಪು ತೆಗೆದು, ಸುತ್ತಿ, ಮಷೀನಿನ ಮೇಲಿಟ್ಟರು. "ಹಾಗಾದ್ರೆ ನಲವತ್ತು ವರ್ಷ ಊರೋರ ಮೈಯೆಲ್ಲ ತಪ್ಪು ಅಳೆದ್ನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ನಾನು ಗರಗಸ ತೆಗೆದೆ. ಪಟ್ಟಿಯನ್ನು ಇನ್ನೊಂದು ಮೆಟ್ಟು ಹಿಂದಕ್ಕೆ ಕತ್ತರಿಸಿ, ತಂತಿ ಕಟ್ಟುವ ತುದಿಯನ್ನು ಮತ್ತೆ ಕೂರಿಸಿ, ಒಂದು ಇಂಚು ಕಳೆದೆ. ಆ ನಾಲ್ಕು ದಿನ ಮಷೀನು ಸದ್ದು ಮಾಡಲಿಲ್ಲ. ಅತ್ತೆ ಹಳೆಯ ಅಳತೆ ಪುಸ್ತಕಗಳನ್ನು ಹರಡಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಪುಟ ತಿರುವುತ್ತಿದ್ದರು. "ಆ ಬ್ಯಾಂಕಿನ ಗುಮಾಸ್ತ ತೋಳು ಬಿಗಿ ಅಂದಿದ್ದ, ನಾನೇ ಅವನಿಗೆ ಬೈದು ಕಳಿಸಿದ್ದೆ" ಎಂದು ಮಗಳ ಹತ್ತಿರ ಹೇಳುವುದು ಅಡುಗೆಮನೆಯಿಂದ ಕೇಳಿಸಿತು. ಆ ಗುಮಾಸ್ತ ಇಪ್ಪತ್ತು ವರ್ಷದ ಹಿಂದಿನವನು.

ಐದನೆಯ ದಿನ ನಾನು ಹೊರಟಾಗ, ಚೀಲಕ್ಕೆ ಗುಂಡಿ ಹಾಕುವುದು ಬಾಕಿಯಿದೆ, ನಿಲ್ದಾಣದಲ್ಲೇ ಹಾಕಿಕೊಡುತ್ತೇನೆಂಬ ನೆಪ ಹೇಳಿ ಅತ್ತೆಯೂ ಬಂದರು. ತಾವು ಅಳೆದಿರಿ, ಇಪ್ಪತ್ತೇಳು ಬಂತು. ಮೊಹರು ಒತ್ತಿದಿರಿ. ನಾನು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನಿಂದ ಅತ್ತೆಯ ದನಿ ಬಂತು: "ಅದನ್ನ ಸ್ವಲ್ಪ ಕೊಡಿಯಪ್ಪ."

"ಅಮ್ಮಾ, ಇದು ಕಂಪನಿ ಟೇಪು. ಮುಟ್ಟೋ ಹಾಗಿಲ್ಲ" ಎಂದು ತಾವು ಅತ್ಯಂತ ಸರಿಯಾಗಿ ಉತ್ತರಿಸಿದಿರಿ.

"ಮುಟ್ಟಲ್ಲ. ನನ್ನ ಕಣ್ಣು ಸರಿ ಇಲ್ಲ, ನೀವೇ ಓದಿ. ಎಲ್ಲಿಂದ ಶುರುವಾಗುತ್ತೆ?"

"ಒಂದರಿಂದ."

"ತುದೀಲಿ ಹಿತ್ತಾಳೆ ತಗಡು ಇದೆಯಾ?"

ತಾವು ಟೇಪಿನ ತುದಿಯನ್ನು ಬೆರಳಿನಿಂದ ತಡವಿದಿರಿ. ಅಲ್ಲಿ ತಗಡಿರಲಿಲ್ಲ, ಹರಿದ ದಾರದ ಎಳೆಗಳಿದ್ದವು.

"ಸೊನ್ನೆಯಿಂದ ಒಂದರ ತನಕ ಇದ್ದ ಬಟ್ಟೆ ಎಲ್ಲಿಗೆ ಹೋಯ್ತಪ್ಪಾ?"

ಸಾಲಿನಲ್ಲಿ ನಿಂತಿದ್ದ ಪಾತ್ರೆ ವ್ಯಾಪಾರಿ ತನ್ನ ಪೆಟ್ಟಿಗೆಯನ್ನು ಧೊಪ್ಪನೆ ಕೆಳಗಿಟ್ಟ. ಅವನ ಹಿಂದಿನವರು, ಅವರ ಹಿಂದಿನವರು, ಎಲ್ಲರೂ ತಮ್ಮ ತಮ್ಮ ಪೆಟ್ಟಿಗೆಗಳನ್ನು ಹೊಸ ಪ್ರೀತಿಯಿಂದ ನೋಡಿಕೊಂಡರು. ಅತ್ತೆ ತಮ್ಮದೇ ಟೇಪನ್ನು ಕೈಚೀಲದಿಂದ ತೆಗೆದು ತಾವು ಕೂತಿದ್ದ ಮೇಜಿನ ಮೇಲೆ, ಕಂಪನಿ ಟೇಪಿನ ಪಕ್ಕದಲ್ಲಿ, ಮುಟ್ಟಿಸದೆ ಹಾಸಿದರು. ವ್ಯತ್ಯಾಸ ಒಂದೇ ಒಂದು ಇಂಚು. ಮೊದಲ ಇಂಚು ಹರಿದುಹೋಗಿದ್ದರಿಂದ ತಮ್ಮ ಲೋಕದಲ್ಲಿ ಎಲ್ಲರೂ ಎಲ್ಲವೂ ಒಂದೊಂದು ಇಂಚು ಹೆಚ್ಚಾಗಿದ್ದೆವು.

ಬಸ್ಸು ಹಾರ್ನು ಹೊಡೆಯಿತು. ನಾನು ಮೆಟ್ಟಿಲಿಂದ ಇಳಿದು, ಇಡೀ ಸಾಲಿನ ಮುಂದೆ, "ತಪ್ಪಾಯ್ತು ಅತ್ತೆ. ನಿಮ್ಮ ಟೇಪು ಸರಿ ಇತ್ತು" ಅಂದೆ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ರಸ್ತೆಯ ಕಡೆ ನೋಡುತ್ತ, "ಬಸ್ಸು ಹೋಯ್ತು" ಅಂದರು. ನನ್ನ ಕಡೆ ತಿರುಗಿ, "ಮುಂದಿನದು ಯಾವಾಗ?" ಎಂದರು. ಎರಡು ಗಂಟೆ ಬಿಟ್ಟು ಎಂದೆ. "ಹಾಗಾದ್ರೆ ಬಾರಿಸಿ. ಇಷ್ಟು ವರ್ಷ ಮನೆಗೆ ಬಂದಾಗಲೆಲ್ಲ ಬಾಗಿಲ ಹಿಂದೆ ನಿಂತು ಕೇಳಿದ್ದೇ ಆಯ್ತು" ಅಂದರು. ಕಲ್ಲು ಬೆಂಚಿನ ಮೇಲೆ ಕೂತು ಬಾರಿಸಿದೆ. ಒಂದು ಮೆಟ್ಟು ಕಳೆದುಕೊಂಡ ಗಿಟಾರಿನ ದನಿ ಏರಿತ್ತು, ಎಳೆಯದಾಗಿತ್ತು. ಅತ್ತೆ ಗುಂಡಿ ಹಾಕುತ್ತ ತಲೆದೂಗಿದರು. ತಾವೂ ಮೇಜಿನ ಹಿಂದಿನಿಂದ ಕೇಳಿದ್ದನ್ನು ನಾನು ನೋಡಿದೆ. ಮುಖ ತಿರುಗಿಸಿಕೊಂಡು ಕೇಳಿದಿರಿ. ಅದನ್ನು ದಾಕ್ಷಿಣ್ಯವೆಂದೇ ಭಾವಿಸಿದ್ದೇನೆ.

ಆದ್ದರಿಂದ ನನ್ನ ವಿನಂತಿಗಳು ಬಹಳ ಸಣ್ಣವು. ಕಳೆದುಹೋದ ಆ ಇಂಚನ್ನು ದಯಮಾಡಿ ಹುಡುಕಿಸಿ, ನನ್ನ ಗಿಟಾರಿಗೆ ಮರದ ರೂಪದಲ್ಲಿ ಮರಳಿಸತಕ್ಕದ್ದು. ನೀರೆತ್ತುವ ಮೋಟಾರಿನ ಮಾಲೀಕರಿಂದ ನನ್ನ ಹಳೆಯ ಗಿಟಾರಿಗೆ ಒಂದು ಸಂತಾಪ ಪತ್ರ ಕೊಡಿಸತಕ್ಕದ್ದು. ಸರಿಯಾಗಿದ್ದ ಪೆಟ್ಟಿಗೆಯನ್ನು ಮನೆಗೆ ಹೋಗಿ ಬೈದ ಪ್ರಯಾಣಿಕರೆಲ್ಲರ ಪರವಾಗಿ ತಾವು ಆ ಪೆಟ್ಟಿಗೆಗಳ ಕ್ಷಮೆ ಕೇಳತಕ್ಕದ್ದು. ಇಪ್ಪತ್ತು ವರ್ಷದ ಹಿಂದಿನ ಬ್ಯಾಂಕಿನ ಗುಮಾಸ್ತರು ಇದನ್ನು ಓದುತ್ತಿದ್ದರೆ, ತೋಳು ಬಿಗಿಯಾಗಿರಲಿಲ್ಲ, ಅವರೇ ದಪ್ಪಗಾಗಿದ್ದರೆಂದು ಇದೇ ಹಲಗೆಯ ಮೇಲೆ ಲಿಖಿತವಾಗಿ ಒಪ್ಪಿಕೊಂಡರೆ ಒಬ್ಬ ಹಿರಿಯ ಜೀವಕ್ಕೆ ಸಮಾಧಾನವಾಗುತ್ತದೆ.

ಅತ್ತೆಯವರು ನಮ್ಮ ಮುಂದಿನ ಕೋಣೆಯ ಕಿಟಕಿಗೆ "ಹೊಲಿಗೆ, ರಿಪೇರಿ" ಎಂಬ ರಟ್ಟು ತೂಗುಹಾಕಿದ್ದಾರೆ. ಗಿರಾಕಿಗಳು ಹಲ್ಲಿನ ಕುರ್ಚಿಯಲ್ಲಿ ಕೂತು ಸರದಿ ಕಾಯುತ್ತಾರೆ; ಕೆಲವರು ಅಭ್ಯಾಸಬಲದಿಂದ ಬಾಯಿ ತೆರೆಯುತ್ತಾರೆ. ನಾನು ಕೆಲಸಕ್ಕೆಂದು ಊರೂರಿಗೆ ಹೊರಡುವ ಬೆಳಗ್ಗೆ ಹದಿನೆಂಟು ಕೈಸೂಜಿಗಳಿಗೆ ದಾರ ಪೋಣಿಸಿ, ದಿಂಬಿಗೆ ಚುಚ್ಚಿಟ್ಟು ಹೊರಡುತ್ತೇನೆ. ಮರಳಿ ಬಂದದ್ದು ತಿಳಿಯಲು ಹೆಂಡತಿ ಈಗ ಚಪ್ಪಲಿ ನೋಡಬೇಕಾಗಿಲ್ಲ.

ತಮ್ಮ ಮೇಜಿನ ಮುಂದೆ ಸದಾ ಒಂದಿಂಚು ಬಗ್ಗಿ ನಿಲ್ಲುವ,

ತಮ್ಮ ವಿಶ್ವಾಸಿ,
ಹಲ್ಲಿನ ಕುರ್ಚಿಯವನು

ತಾ.ಕ.: ತಾವು ಅದೇ ಟೇಪಿನಿಂದ ಸೊಂಟ ಅಳೆದುಕೊಂಡು, ಗಾಬರಿಯಾಗಿ, ಒಂದು ವರ್ಷದಿಂದ ಒಂದು ಹೊತ್ತಿನ ಊಟ ಬಿಟ್ಟಿದ್ದೀರೆಂದು ಟಿಕೆಟ್ ಕಿಂಡಿಯವರು ಹೇಳಿದರು. ಅತ್ತೆಯವರು ದೂರದಿಂದಲೇ ತಮ್ಮನ್ನು ನೋಡಿ ಸೊಂಟ ಮೂವತ್ಮೂರೇ, ಮೂವತ್ನಾಲ್ಕಲ್ಲ ಎಂದು ನಿರ್ಣಯಿಸಿದ್ದಾರೆ. ದಯವಿಟ್ಟು ಇಂದೇ ಹೊಟ್ಟೆತುಂಬ ಊಟ ಮಾಡಿ. ಪ್ಯಾಂಟು ಬಿಗಿಯಾದರೆ ನಮ್ಮ ಮನೆಗೆ ಬನ್ನಿ, ಅವರು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಾರೆ. ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.