ಲಾಗಿನ್ ಆಗಿ ದೂರು ಕೊಡಿ

ಪುಕ್ಕಟೆ ಬಾಗಿಲು ತೆರೆದಿಟ್ಟರೆ ಬೇಕಾದವರಿಗಿಂತ ಮೊದಲು ಬೇಡದವರು ನುಗ್ಗುತ್ತಾರೆ. ಶಿಕಾರಿಪುರದ ಕಂಪ್ಯೂಟರ್ ಮೇಷ್ಟ್ರಾದ ನಾನು, ಸೊರಬದಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಗೆಳೆಯ ಸೇರಿ ಕನ್ನಡ ಟೈಪಿಂಗಿಗೆ ಒಂದು ಮುಕ್ತ ತಂತ್ರಾಂಶ ಮಾಡಿದ್ದೇವೆ. ದೋಷ ಕಂಡವರು ಬರೆಯಲೆಂದು ಅಂತರ್ಜಾಲದಲ್ಲೊಂದು ದೂರು ಪುಟ. ಜನ ದೂರು ಕೊಡದಿದ್ದರೆ ದೋಷ ನಮಗೆ ತಿಳಿಯುವುದೇ ಇಲ್ಲ.

೧. ಎಣ್ಣೆ

ಒಂದು ಬೆಳಿಗ್ಗೆ ಪುಟದ ತುಂಬ ಜಾಹೀರಾತು. ತೂಕ ಇಳಿಸುವ ಪುಡಿ, ಆನ್‌ಲೈನ್ ಜೂಜು, ಬೋಳುತಲೆಗೆ ಎಣ್ಣೆ. ಅಳಿಸಿ ಅಳಿಸಿ ನನಗೆ ರೇಗಿಹೋಯಿತು. ಕೊನೆಗೆ ಎಣ್ಣೆಯದೊಂದು ಉಳಿದಾಗ ಗೆಳೆಯ ಫೋನಿನಲ್ಲಿ ಕೂಗಿದ: "ತಡಿ ಮಾರಾಯ, ಅದನ್ನ ಅಳಿಸ್ಬೇಡ! ನಂಬರ್ ಬರ್ಕೊಳ್ತಾ ಇದೀನಿ."

೨. ಒಂದೇ ಪದದ ಉತ್ತರ

ಲಾಗಿನ್ ಆಗದೆ ಯಾರೂ ಬರೆಯುವಂತಿಲ್ಲ ಎಂದು ಕಟ್ಟುನಿಟ್ಟು ಮಾಡಿದೆವು. ಖಾತೆ ತೆರೆಯುವವರಿಗೆ ಒಂದು ಪ್ರಶ್ನೆ ಬೇರೆ: "ತಾಳಗುಂದ ಯಾವ ತಾಲ್ಲೂಕಿನಲ್ಲಿದೆ?" ಎಣ್ಣೆಯವನಿಗೆ ಇದೆಲ್ಲಿ ಗೊತ್ತಾಗಬೇಕು ಎಂದು ಹಿಗ್ಗಿದೆವು. ಮರುದಿನವೇ ಅವನು ಸರಿಯುತ್ತರ ಕೊಟ್ಟು ಒಳಗೆ ಬಂದ. ಹೊರಗುಳಿದವರು ತಾಳಗುಂದದವರೇ ಆದ, ಊರಿಗೆಲ್ಲ ಅರ್ಜಿ ಬರೆದುಕೊಡುವ ಹಿರಿಯರು.

"ಏನಂತ ಉತ್ತರ ಬರೆದ್ರಿ?" ಎಂದು ಕೇಳಿದೆ.

"ಶಿಕಾರಿಪುರ ಅಂತ್ಲೇ ಬರ್ದೀನ್ರೀ. ಜೊತಿಗೆ ಹೋಬಳಿ, ಸರ್ವೆ ನಂಬರು, ಚೆಕ್ಕುಬಂದಿ. ಕಮ್ಮಿ ಬರೆದ್ರ ಅರ್ಜಿ ವಾಪಸ್ ಬರ್ತೈತಲ್ರೀ!"

೩. ಕೊನೆಯ ಸಾಲು

ಆಮೇಲೆ ದೂರುಗಳೇ ನಿಂತವು. ತಂತ್ರಾಂಶದಲ್ಲಿ ದೋಷವೇ ಉಳಿದಿಲ್ಲ ಎಂದು ಗೆಳೆಯ ಸಾರಿದ, ನಾನು ನಂಬಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಂದು ದಿನ ಪ್ರಿಂಟ್ ತೆಗೆಯುವಾಗ ಕೊನೆಯ ಸಾಲು ಮಾಯವಾಗುವುದನ್ನು ನಾನೇ ಕಂಡೆ. ಸದ್ದಿಲ್ಲದೆ ಸರಿಪಡಿಸಿ, ಹೊಸ ಆವೃತ್ತಿಯನ್ನು ಅದನ್ನು ಬಳಸುವ ಅಚ್ಚಿನಂಗಡಿಗಳಿಗೆಲ್ಲ ಕಳಿಸಿದೆ.

ಅದೇ ವಾರ ಸೊರಬದ ಅಂಥದೊಂದು ಅಂಗಡಿಯಲ್ಲಿ ನನ್ನ ಮಗಳ ಲಗ್ನಪತ್ರಿಕೆ ಅಚ್ಚಾಯಿತು. ಹೆಂಡತಿ ಅವಸರದಲ್ಲಿ ಕವರಿಗೆ ತುಂಬಿ ಬಂಧುಬಳಗಕ್ಕೆಲ್ಲ ಹಂಚಿದಳು. ಸಂಜೆ ಬೀಗರ ಫೋನು: "ಊಟಕ್ಕೆ ಕರೆಯೋ ರೀತಿನೇನ್ರೀ ಇದು? ಈ ಸಂಬಂಧ ಬೇಕೋ ಬೇಡ್ವೋ ಯೋಚನೆ ಮಾಡ್ಬೇಕಾಗುತ್ತೆ." ಪತ್ರಿಕೆಯನ್ನು ಬಿಡಿಸಿ ನೋಡಿದವನೇ ಸೊರಬಕ್ಕೆ ಓಡಿದೆ.

ಅಂಗಡಿಯವರು ತಲೆ ಕೆರೆದುಕೊಂಡರು. "ನಿಮ್ಮ ತಂತ್ರಾಂಶ ಕೊನೇ ಸಾಲು ತಿಂತಿತ್ತಲ್ಲ ಸಾರ್? ದೂರು ಕೊಡೋಣ ಅಂದ್ರೆ ಲಾಗಿನ್ ಕೇಳುತ್ತೆ. ಅದಕ್ಕೇ ನಾವೆಲ್ಲ ಕೊನೆಗೆ ಒಂದು ಸಾಲು ಅದರ ಪಾಲಿಗೆ ಅಂತ್ಲೇ ಹಾಕ್ತೀವಿ. ದಿನಾ ತಿಂತಿತ್ತು. ನಿಮ್ಮ ಕಾರ್ಡಿಗೇ ಯಾಕೋ ಉಪವಾಸ ಮಾಡಿದೆ."

ಪತ್ರಿಕೆಯಲ್ಲಿ "ಭೋಜನಕ್ಕೆ ತಾವೆಲ್ಲರೂ ದಯಮಾಡಿಸಬೇಕು" ಎಂದಿತ್ತು. ಅದರ ಕೆಳಗೆ ನನ್ನ ಹೆಸರು. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ: "ತಗೋ, ಇದನ್ನೂ ತಿಂದು ಸಾಯಿ."