ಚೀಸಿನ ಮೇಲಿನ ಕಲ್ಲು

ಗಿಲ್ಬರ್ಟ್: ಎತ್ತು ಅಂದೆ ಎಫೀ! ಚೀಸ್ ಹಾಳಾದ್ರೆ ಹಾಳಾಗಲಿ!

ಎಫಿ: ಯಾಕೆ ಎತ್ತಲಿ? ಇನ್ನೂ ನೀರು ಇಳೀತಾ ಇದೆ. ಮದುವೆಯಾದಾಗಿಂದ ಚೀಸ್ ಒತ್ತೋದು ಇದೇ ಕಲ್ಲು. ಇವತ್ತು ಕಣ್ಣಿಗೆ ಬಿತ್ತಾ ನಿಂಗೆ?

ಗಿಲ್ಬರ್ಟ್ ಕಿಲ್ಬ್ರೇ ಊರಿನ ಕರ್ಲಿಂಗ್ ಕ್ಲಬ್ಬಿನ ಕಾರ್ಯದರ್ಶಿ. ಸ್ಕಾಟ್ಲೆಂಡಿನ ಆ ಮೂಲೆಯಲ್ಲಿ ಕೆರೆ ಹೆಪ್ಪುಗಟ್ಟಿತೆಂದರೆ ಸಾಕು, ಗಂಡಸರೆಲ್ಲ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಲು, ಅದರ ಮುಂದೆ ಪೊರಕೆ ಹಿಡಿದು ಗುಡಿಸಲು ಓಡುತ್ತಾರೆ; ಅದೇ ಕರ್ಲಿಂಗ್ ಆಟ. ಮನೆಯಲ್ಲಿ ಮಾತ್ರ ಒಬ್ಬನೂ ಪೊರಕೆ ಮುಟ್ಟುವುದಿಲ್ಲ. ಇವತ್ತು ಸಂಜೆ ಕ್ಲಬ್ಬಿನ ಔತಣ. ತಮ್ಮ ಕ್ಲಬ್ಬೇ ಹಳೆಯದೆಂದು ಪಕ್ಕದ ಡ್ರಮ್‌ವೇ ಊರಿನವರು ಮೀಸೆ ತಿರುವುತ್ತ ಬರುತ್ತಾರೆ. ಅವರ ಬಾಯಿ ಮುಚ್ಚಿಸುವ ಪುರಾವೆಗಾಗಿ ಗಿಲ್ಬರ್ಟ್ ಚರ್ಚಿನ ಅಟ್ಟ, ಹೆಂಡದಂಗಡಿಯ ನೆಲಮಾಳಿಗೆ ಎಲ್ಲ ಜಾಲಾಡಿ ಬರಿಗೈಲಿ ಬಂದಿದ್ದ. ಈಗ ಅಡುಗೆಮನೆಯಲ್ಲಿ ಚೀಸಿನ ಕಲ್ಲಿಗೆ ಸುತ್ತಿದ ಬಟ್ಟೆ ಸರಿದರೆ, ಅದರ ಮೈಮೇಲೆ ಕೆತ್ತಿದ ಅಕ್ಷರ!

ಗಿಲ್ಬರ್ಟ್: 'ಕಿಲ್ಬ್ರೇ ಕ್ಲಬ್, ೧೭೮೧'! ಡ್ರಮ್‌ವೇಯವರು ಆಗ ಇನ್ನೂ ಹುಟ್ಟೇ ಇರಲಿಲ್ಲ! ಎಲ್ಲಿಂದ ಬಂತೇ ಇದು?

ಎಫಿ: ನಮ್ಮಮ್ಮ ಕೊಟ್ಟಿದ್ದು. ಅವಳಿಗೆ ಅವಳಮ್ಮ. ಇದರ ಜೋಡಿ ಕೋಳಿಗೂಡಿನ ಬಾಗಿಲಿಗೆ ಒತ್ತಿಟ್ಟಿದೀನಿ.

ಗಿಲ್ಬರ್ಟ್: ಕೋಳಿಗೂಡಿಗಾ? ಇತಿಹಾಸವನ್ನಾ?

ಎಫಿ: ನರಿ ಬರದೇ ಇರೋಕೆ ಇತಿಹಾಸಾನೇ ಒಳ್ಳೇದು, ಭಾರ ಇರತ್ತೆ.

ಗಿಲ್ಬರ್ಟ್ ಓಡಿಹೋಗಿ ಎರಡನೇ ಕಲ್ಲನ್ನು ಕೋಳಿ ಹಿಕ್ಕೆ ಸಮೇತ ಎದೆಗವಚಿಕೊಂಡು ಬಂದ. ಸಂತೋಷಕ್ಕೆ ಅವನ ಕಣ್ಣು ತುಂಬಿತ್ತು.

ಗಿಲ್ಬರ್ಟ್: ಸಂಜೆ ಎರಡನ್ನೂ ಮೇಜಿನ ಮೇಲೆ ಇಡ್ತೀನಿ.

ಎಫಿ: ನಾನು ಇಡ್ತೀನಿ. ಮಾಂಸ ಬೇಯಿಸೋಳು ನಾನು, ಹಿಂಬಾಗಿಲಲ್ಲಿ ನಿಂತು ನೀವು ತಿನ್ನೋದು ನೋಡೋಳೂ ನಾನು. ಒಂದ್ಸಲ ಆ ಮೇಜಿಗೆ ಕೂತು ಉಣ್ಣಬೇಕು ಗಿಲ್ಬರ್ಟ್. ಎಷ್ಟು ವರ್ಷದ ಆಸೆ ಗೊತ್ತಾ?

ಗಿಲ್ಬರ್ಟ್: ಔತಣ ಸದಸ್ಯರಿಗೆ ಮಾತ್ರ ಮಾರಾಯ್ತಿ!

ಎಫಿ: ಸದಸ್ಯರು ಅಂದ್ರೆ?

ಗಿಲ್ಬರ್ಟ್: ಸ್ವಂತದ್ದೊಂದು ಜೋಡಿ ಕಲ್ಲು, ಸ್ವಂತ ಪೊರಕೆ ಇರೋರು. ಮೊದಲಿಂದಲೂ ಅದೇ...

ಎಫಿ ಆಗಲೇ ಮೂಲೆಯ ಪೊರಕೆ ತೆಗೆದುಕೊಂಡಿದ್ದಳು.

ಎಫಿ: ಗಂಡಸಾಗಿರಬೇಕು ಅಂತ ಇದೆಯಾ?

ಗಿಲ್ಬರ್ಟ್: ಇಲ್ಲ... ಹಾಗೆ ಹೇಳೋ ಅಗತ್ಯ ಯಾರಿಗೂ ಬಂದಿರಲಿಲ್ಲ.

ಎಫಿ: ಸರಿ. ಕಲ್ಲು ಬೇಕಾದ್ರೆ ನಾನೂ ಬರ್ತೀನಿ. ಇಲ್ಲಾಂದ್ರೆ ಒಂದು ಚೀಸಿಗೆ, ಒಂದು ಕೋಳಿಗೆ.

ಡ್ರಮ್‌ವೇಯವರ ಮೀಸೆಗಳು ಗಿಲ್ಬರ್ಟನ ಕಣ್ಣೆದುರು ಕುಣಿದವು.

ಗಿಲ್ಬರ್ಟ್: ಆಯ್ತು, ಬಾ. ಆದ್ರೆ ನೀನೂ ಕೂತ್ರೆ ಬಡಿಸೋರು ಯಾರು?

ಎಫಿ ತನ್ನ ಏಪ್ರನ್ ಬಿಚ್ಚಿ ಅವನ ಸೊಂಟಕ್ಕೆ ಬಿಗಿದಳು.

ಎಫಿ: ನೀನು ಆಡೋ ಜೋಡಿ ಕಲ್ಲು ನಮ್ಮಣ್ಣನ ಹತ್ರ ಎರವಲು ತಂದಿದ್ದಲ್ವಾ?