ಮುಷ್ಟಿ ಅಳತೆಯ ಅಂಟಿನುಂಡೆ

ನಮ್ಮ ಕಾಕಾ ನಿಮ್ಮ ಹೆಸರು ಮರೆಯಬಹುದು, ಮುಖ ಮರೆಯಬಹುದು. ನಿಮ್ಮ ಮುಷ್ಟಿಯನ್ನು ಮಾತ್ರ ಮರೆಯುವುದಿಲ್ಲ! ಹೊಡೆದಾಟದ ಮನುಷ್ಯ ಅಂದುಕೊಂಡಿರಾ? ಛೇ ಛೇ! ಮಮದಾಪುರದಲ್ಲಿ ಕಬ್ಬು, ಗೋವಿನಜೋಳ ಬೆಳೆಯುವ ಸಾಧು ಪ್ರಾಣಿ. ಅಂಟಿನುಂಡೆ ಕಟ್ಟುವುದೊಂದೇ ಅವರ ಹುಚ್ಚು.

ಇದು ನಮ್ಮ ಅಜ್ಜಿಯಿಂದ ಬಂದ ಹುಚ್ಚು. ತುಂಬಿದ ಮನೆಯಲ್ಲಿ "ಅವನ ಉಂಡಿ ದೊಡ್ಡದು, ನಂದು ಸಣ್ಣದು" ಎಂಬ ರಗಳೆ ತಾಳಲಾರದೆ ಅಜ್ಜಿ ಕಾಯ್ದೆಯನ್ನೇ ಮಾಡಿಬಿಟ್ಟಳಂತೆ: ಯಾರ ಉಂಡೆ ಅವರ ಮುಷ್ಟಿಯಷ್ಟು! ತಕರಾರಿದ್ದವರು ಕೈ ಕೊಟ್ಟ ದೇವರನ್ನು ಕೇಳಿಕೊಳ್ಳಲಿ! ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ. ಒಲೆಯ ಮುಂದಿನಿಂದ ಏಳದ ಕಿರಿಮಗನಿಗೇ ವಿದ್ಯೆ ಧಾರೆಯೆರೆದಳು. ಅವರೇ ನಮ್ಮ ಕಾಕಾ.

ಗೋಕಾಕದ ಕರದಂಟಿಗೆ ಊರೆಲ್ಲ ಬಾಯಿ ಬಿಡುತ್ತದೆ. ಒಮ್ಮೆ ನಾನು ಅಂಗಡಿಯಿಂದ ಒಂದು ಡಬ್ಬಿ ಒಯ್ದರೆ ಕಾಕಾ ಮುಚ್ಚಳ ತೆಗೆದು ಹೌಹಾರಿದರು.

"ಎಲ್ಲಾ ಒಂದ ಅಳತಿ! ಏನವ್ವಾ, ಗ್ವಾಡಿ ಕಟ್ಟಾಕ ತಂದೀಯೇನ?"

ಹೀಗೆಂದು ಡಬ್ಬಿ ಮುಚ್ಚಿಟ್ಟರು. ನಾಲ್ಕು ಇಟ್ಟಿಗೆ ಹೊಟ್ಟೆಗಿಳಿದ ಮೇಲೆ, ಅನ್ನಿ!

ನನ್ನ ಮಗಳನ್ನು ನೋಡಲು ಮೂಡಲಗಿಯಿಂದ ಬೀಗರು ಬಂದಾಗಿನ ಕತೆ ಕೇಳಿ. ಆಜಾನುಬಾಹು ಬೀಗರು ನಮಸ್ಕಾರಕ್ಕೆ ಕೈ ಎತ್ತಿದ್ದೇ ತಡ, ಕಾಕಾ ಆ ಕೈಯನ್ನು ಹಿಡಿದು, ಬೆರಳು ಮಡಚಿ, ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು. ಜ್ಯೋತಿಷಿಯೇ ಸಿಕ್ಕರೆಂದು ಬೀಗರು ಹಿಗ್ಗಿದರು.

"ಶನಿಕಾಟ ಯಾವಾಗ ಮುಗೀತೈತ್ರಿ?"

"ಅದು ಗೊತ್ತಿಲ್ರಿ. ನಿಮ್ಮ ಒಂದ ಉಂಡಿಗೆ ಪಾವಕಿಲೋ ಬೆಲ್ಲ ಮುಗೀತೈತಿ!"

ಸಂಬಂಧ ಅಲ್ಲೇ ಕುದುರಿತು.

ನನ್ನ ಯಜಮಾನರು ಹುಕ್ಕೇರಿಯವರು. ಕೈ ಸಣ್ಣದು, ಆಸೆ ದೊಡ್ಡದು. ಒಂದು ಸಲ ಮುಷ್ಟಿಯೊಳಗೆ ಕರವಸ್ತ್ರ ತುರುಕಿಕೊಂಡು ಅಳತೆ ಕೊಟ್ಟರು. ಕಾಕಾ ಕಣ್ಣು ಕಿರಿದು ಮಾಡಿ, "ಭಾಳ ಬೆಳದೀರಿ, ಅಳಿಯಾರ" ಎಂದರು, ಅಷ್ಟೇ. ಮರುದಿನ ಬಂದ ದಪ್ಪ ಉಂಡೆಯನ್ನು ಯಜಮಾನರು ಗೆದ್ದ ಠೀವಿಯಿಂದ ಕಚ್ಚಿದರು. ಒಳಗೇನಿತ್ತು ಹೇಳಿ? ಮಡಚಿದ ಬಟ್ಟೆ ಚೂರು!

ಇಂಥ ಕಾಕಾ, ನನ್ನ ಮಗಳು ಬಸುರಿಯೆಂದು ಕೇಳಿದ ದಿನದಿಂದ ಒಣಕೊಬ್ಬರಿ, ಉತ್ತತ್ತಿ, ಅಂಟು ಕೂಡಿಡುತ್ತಾ ಕೂತಿದ್ದರು. ಆದರೆ ಕೂಸು ತಿಂಗಳು ತುಂಬುವ ಮೊದಲೇ ಬಂದುಬಿಟ್ಟಿತು. ಘಟಪ್ರಭಾದ ದವಾಖಾನೆಯಲ್ಲಿ ಅದು ಗಾಜಿನ ಪೆಟ್ಟಿಗೆಯೊಳಗೆ. ಮಗಳು ಹೊರಗೆ, ಊಟ ಬಿಟ್ಟು, ಗೋಡೆಗೆ ಮುಖ ಮಾಡಿ. ಎದೆಯಲ್ಲಿ ಹಾಲು ಕಡಿಮೆಯಾಗುತ್ತಿದೆ, ಏನಾದರೂ ತಿನ್ನಿಸಿ ಎಂದು ಡಾಕ್ಟರರು ಹೇಳಿ ಸಾಕಾದರು.

ಕಾಕಾ ಡಬ್ಬಿ ಹಿಡಿದು ಬಂದರು. ಮಗಳು ತನ್ನ ಮುಷ್ಟಿಯಷ್ಟೇ ಇದ್ದ ಉಂಡೆಯನ್ನು ಸರಿಸಿದಳು.

"ಬ್ಯಾಡ ಅಜ್ಜಾ. ನನಗ ಗಂಟಲದಾಗ ಇಳಿಯೂದಿಲ್ಲ."

ಕಾಕಾ ಒತ್ತಾಯ ಮಾಡಲಿಲ್ಲ. ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ಬಹಳ ಹೊತ್ತು ಬಗ್ಗಿ ನಿಂತರು. ಆಮೇಲೆ ಊರಿನ ಬಸ್ಸು ಹತ್ತಿದರು.

ಮರುದಿನ ಮುಂಜಾನೆ ಮತ್ತೆ ಬಂದರು. ಅಂಗೈಯಲ್ಲಿ ಬಾರಿಹಣ್ಣಿನಷ್ಟು ಪುಟ್ಟದೊಂದು ಅಂಟಿನುಂಡೆ. ಮಗಳು ದಿಟ್ಟಿಸಿದಳು.

"ಇದು ಯಾರ ಅಳತಿ ಅಜ್ಜಾ?"

"ನಿನ್ನ ಮಗಳದು. ಆಕಿಗೆ ಇನ್ನೂ ಹಲ್ಲಿಲ್ಲ, ಆಕಿ ಪಾಲು ನೀ ತಿನ್ನು. ಹಾಲಾಗಿ ಆಕಿಗೆ ಮುಟ್ಟತೈತಿ."

ಮಗಳು ಬಾಯಿ ತೆರೆದಳು. ಅಳುತ್ತಲೇ ಅಗಿದಳು, ಅಗಿಯುತ್ತಲೇ ಅತ್ತಳು. ಕಾಕಾ ಅತ್ತ ತಿರುಗಿ ಗಾಜಿನೊಳಗಿನ ಕೂಸನ್ನು ಗದರಿದರು:

"ಲಗೂನ ದೊಡ್ಡಾಕಿ ಆಗವ್ವಾ. ಇಷ್ಟ ಸಣ್ಣದು ಕಟ್ಟಾಕ ನನ್ನ ಬೆರಳಿಗೆ ಆಗವಲ್ದು."